ಮದರಸಾದಾಗ ಸಿಡಿಮದ್ದು ತುಂಬಿದ್ರ ಏನಾಗ್ತದ

ಬೀದರದಾಗ ಚೌಬಾರಾ ಅನ್ನೋ ಹಳೇ ಕಾವಲು ಗೋಪುರ ದಾಟಿ ಕೋಟೆ ಕಡೆ ಹೊಂಟ್ರ ಮಹಮೂದ್ ಗವಾನ್ ಮದರಸಾ ಸಿಗ್ತದ, ಬಂದವ್ರೆಲ್ಲಾ ಉಳಿದಿರೋ ಒಂದು ಮಿನಾರ್ ಮುಂದ ಸೆಲ್ಫಿ ತಗೊಂಡು ಹೋಗ್ತಾರ, ಬಿದ್ದ ಭಾಗ ಯಾರೂ ನೋಡಂಗಿಲ್ಲ. ನನಗ ಮಾತ್ರ ಅದೇ ಭಾಳ ಇಂಟರೆಸ್ಟಿಂಗ್.

1472ರಾಗ ಇದನ್ನ ಕಟ್ಟಿಸಿದಾಂವ ಬಹಮನಿ ವಜೀರ ಮಹಮೂದ್ ಗವಾನ್, ಇರಾನಿನ ಗೀಲಾನ್ ಕಡೆಯಿಂದ ಬಂದವ. 3 ಅಂತಸ್ತು, ಪಾಠದ ಹಾಲ್, ಮಸೀದಿ, ಹುಡುಗ್ರಿಗೂ ಮಾಸ್ತರಿಗೂ ರೂಮು, ಸುಮಾರು 3,000 ಕೈಬರಹದ ಪುಸ್ತಕ ಇದ್ದ ಲೈಬ್ರರಿ, ಅಂದ್ರ ಪಕ್ಕಾ ರೆಸಿಡೆನ್ಶಿಯಲ್ ಕಾಲೇಜ್. 1481ರಾಗ ಯಾರೋ ಹುಟ್ಟಿಸಿದ ಖೊಟ್ಟಿ ಪತ್ರ ನಂಬಿ ಸುಲ್ತಾನ ಇವನ ತಲೀನೇ ತೆಗೆಸಿದ, ಅದು ಬ್ಯಾರೆ ಕಥಿ.

ಗೋಡಿ ಮ್ಯಾಲಿನ ಬಣ್ಣದ ಟೈಲ್ಸ್ ಅಲ್ಲಲ್ಲಿ ಇನ್ನೂ ಅವ. ಟೈಲ್ಸಿನ ಹೊಳಪು ಅಂದ್ರ ತೆಳ್ಳನ ಗಾಜೇ, ಕೋಬಾಲ್ಟ್ ಹಾಕಿದ್ರ ಕಡುನೀಲಿ, ತಾಮ್ರ ಹಾಕಿದ್ರ ಹಸಿರುಗಟ್ಟಿದ ನೀಲಿ. ನಮ್ಮ ಬಿಸಲಿಗೆ ಮ್ಯಾಲಿನ ಗಾಜು, ಕೆಳಗಿನ ಸುಟ್ಟ ಮಣ್ಣು ಎರಡೂ ಒಂದೇ ಸಮ ಹಿಗ್ಗಂಗಿಲ್ಲ, ಸಣ್ಣ ಬಿರುಕು ಬಿಡ್ತದ, ಮಳಿ ನೀರು ಹೊಕ್ಕು ಉದುರ್ತದ.

ದೊಡ್ಡ ಹೊಡತ ಬಿದ್ದಿದ್ದು ಸಿಡಿಮದ್ದಿನಿಂದ. 1657ರಾಗ ಔರಂಗಜೇಬ್ ಬೀದರ್ ಮುತ್ತಿದಾಗ ಕೋಟೆಯವ್ರು ಕೂಡಿಟ್ಟ ಮದ್ದಿಗೇ ಬೆಂಕಿ ತಗಲಿ ಕೋಟೆ ನೋಡ್ಕೊಳ್ಳೋ ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟು ಸಾಯೋಹಂಗಾದ, ಕೋಟೆ ಹೋತು. ಇಷ್ಟು ಕಣ್ಣಾರೆ ಕಂಡ ಮೊಗಲರೇ ಆಮ್ಯಾಲೆ ಮದರಸಾದಾಗ ಕುದುರೆ ಸವಾರರನ್ನ ಇಳಿಸಿ, ಕೆಲವು ರೂಮಿನಾಗ ಮದ್ದು ತುಂಬಿದ್ರು, ಏನನ್ಬೇಕ್ರಿ ಇವರಿಗೆ! 1696ರ ಸುಮಾರಿಗೆ ಅದೂ ಹಾರ್ತು, ಸಿಡ್ಲು ಬಡೀತು ಅಂತಾರ.

ಮದ್ದಂದ್ರ ಪೆಟ್ಲುಪ್ಪು, ಗಂಧಕ, ಇದ್ದಿಲು. ಉರೀಲಿಕ್ಕೆ ಬೇಕಾದ ಆಕ್ಸಿಜನ್ ಪೆಟ್ಲುಪ್ಪಿನಾಗೇ ಇರ್ತದ, ಹಿಂಗಾಗಿ ಬಾಗಲಾ ಹಾಕಿದ್ರೂ ಆರಂಗಿಲ್ಲ. ಬಯಲಾಗ ಸುರುವಿ ಹಚ್ಚಿದ್ರ ಬುಸ್ ಅಂದು ಮುಗೀತದ, ಮುಚ್ಚಿದ ರೂಮಿನಾಗ ಆದ್ರ ಕಾದ ಗ್ಯಾಸಿಗೆ ಹೋಗ್ಲಿಕ್ಕೆ ಜಾಗ ಇಲ್ಲ, ಒತ್ತಡ ಏರ್ತಾ ಏರ್ತಾ ಗೋಡಿ ಒಡೀತದ. ಕಲ್ಲು ಗಚ್ಚಿನ ಕಮಾನು ಎಷ್ಟು ಭಾರ ಹೇರಿದ್ರೂ ತಡೀತದ ಖರೆ, ಆದ್ರ ಅದು ಮ್ಯಾಲಿಂದ ಬರೋ ಭಾರ. ಒಳಗಿಂದ ಎತ್ತಿ ನೂಕಿದ್ರ ಕಲ್ಲು ಕಲ್ಲು ಬಿಚ್ಚಿಕೊಂತದ, ಗಚ್ಚಿಗೆ ಎಳೆತ ತಡ್ಯೋ ತಾಕತ್ತಿಲ್ಲ. ದಕ್ಷಿಣದ ಮಿನಾರ್, ಮುಂಭಾಗದ ಅರ್ಧ ಹಿಂಗೇ ಹೋತು. ಸ್ಫೋಟದ ಜೋರು ದೂರ ಹೋದಂಗ ಲಗೂನ ಇಳೀತದ, ಅದಕ್ಕೇ ಉತ್ತರದ್ದು ಉಳೀತು.

ಈಗ ಪುರಾತತ್ವ ಇಲಾಖೆ ಕೈಯಾಗ ಅದ. ಹೋದ್ರ ಬಿದ್ದ ಕಡೆ ನಿಂತು ನೋಡ್ರಿ, 3 ಅಂತಸ್ತಿನ ಕಮಾನು ಒಂದರ ಮ್ಯಾಲೊಂದು ಹೆಂಗ ಕೂಡಿಸ್ಯಾರ ಅನ್ನೋದು ಹೊರಗಿಂದನೇ ಕಾಣ್ತದ.