ನಂದಿ ಬೆಟ್ಟ ಹತ್ತೋರಿಗೆ ಶೂ ಕಟ್ಟುವ ಪಾಠ

ಹೊಸದಾಗಿ ಕ್ಲೀಟ್ ಶೂ (ಸೋಲಿನ ಅಡಿಯ ಕ್ಲೀಟ್ ಅನ್ನೋ ತುಂಡು ಪೆಡಲಿಗೆ ಸಿಕ್ಕಿಕೊಳ್ಳುವ ಸೈಕಲ್ ಶೂ) ತಗೊಳ್ಳೋರು ನಮ್ಮ ಭಾನುವಾರದ ಸೈಕಲ್ ಗುಂಪಿನಲ್ಲಿ ಕೇಳುವ ಮೊದಲ ಪ್ರಶ್ನೆ: "ಯಾವುದು ಚೆನ್ನಾಗಿ ಬಿಗಿಯುತ್ತೆ?" ಲೇಸ್, ವೆಲ್ಕ್ರೋ, ಬಕಲ್, ಡಯಲ್ ನಾಲ್ಕೂ ಬಿಗಿಯುತ್ತವೆ. ಓಡುವ ಸೈಕಲ್ ಮೇಲೆ ಕೂತು, ಒಂದೇ ಕೈಯಲ್ಲಿ, ಸ್ವಲ್ಪವೇ ಸ್ವಲ್ಪ ಸಡಿಲ ಮಾಡೋಕೆ ಯಾವುದರಲ್ಲಿ ಆಗುತ್ತೆ ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ.

ನನ್ನ ಮೊದಲ ಜೋಡಿಗೆ ಒಂದೊಂದೇ ಡಯಲ್, ಅಂದರೆ ತಿರುಗಿಸಿ ಬಿಗಿಯುವ ಗುಂಡಿ, ಇತ್ತು. ನೋಡೋಕೆ ಚೆಂದ, ಟಕಟಕ ಸದ್ದು ಇನ್ನೂ ಚೆಂದ. ಚಿಕ್ಕಬಳ್ಳಾಪುರದಿಂದ ಬೆಳಗ್ಗೆ ಐದೂವರೆಗೆ ಹೊರಟಾಗ ಎಲ್ಲ ಸರಿ ಇತ್ತು. ಬೆಟ್ಟ ಅರ್ಧ ಹತ್ತುವಷ್ಟರಲ್ಲಿ ಬಲಗಾಲಿನ ಬೆರಳುಗಳಿಗೆ ಜೋಮು. ಡಯಲ್ ಹಿಂದಕ್ಕೆ ತಿರುಗಿಸಿದೆ, ಏನೂ ಆಗಲಿಲ್ಲ. ಮೇಲಕ್ಕೆ ಎಳೆದೆ, ಪೂರ್ತಿ ಬಿಚ್ಚಿಕೊಂಡಿತು. ಕಾಲು ಶೂ ಒಳಗೆ ಲೊಡಲೊಡ ಅನ್ನೋಕೆ ಶುರುವಾಯಿತು. ಇಳಿದು ನಿಂತು ಮತ್ತೆ ಕಟ್ಟಿಕೊಂಡೆ. ಆ ಏರಿನಲ್ಲಿ ನಿಂತ ಸೈಕಲ್ ಹತ್ತಿ, ಕ್ಲೀಟ್ ಸಿಕ್ಕಿಸಿ ಹೊರಡೋ ಕಷ್ಟ ಗೊತ್ತಿದ್ದೋರಿಗೇ ಗೊತ್ತು.

ಆಮೇಲೆ ಕೂತು ಓದಿದ್ದು, ಬಿಚ್ಚಿ ನೋಡಿದ್ದು, ಕೇಳಿ ತಿಳಿದಿದ್ದು ಎಲ್ಲ ಸೇರಿಸಿ ಈ ಟಿಪ್ಪಣಿ.

ಮೊದಲು ಕಾಲಿನ ವಿಷಯ

ಪೆಡಲನ್ನು ಕೆಳಗೆ ತುಳಿಯುವಾಗ ಭಾರವೆಲ್ಲ ಹೊರೋದು ಸೋಲ್. ಅಲ್ಲಿ ಪಟ್ಟಿಗೋ ಲೇಸಿಗೋ ಹೆಚ್ಚು ಕೆಲಸವಿಲ್ಲ. ಅದರ ಕೆಲಸ ಇರೋದು ಕಾಲು ಮೇಲೆ ಬರುವಾಗ, ಮತ್ತೆ ಸೀಟಿನಿಂದ ಎದ್ದು ತುಳಿಯುವಾಗ. ಹಿಮ್ಮಡಿ ಎದ್ದು ಜಾರದಂತೆ ಹಿಡಿದರೆ ಸಾಕು. ಅದಕ್ಕಿಂತ ಜಾಸ್ತಿ ಬಿಗಿದರೆ ವೇಗ ಬರಲ್ಲ, ಜೋಮು ಬರುತ್ತೆ. ಪಾದದ ಮೇಲುಗಡೆ ಮಾಂಸ ಕಡಿಮೆ. ನರ, ರಕ್ತನಾಳ ಚರ್ಮದ ಹತ್ತಿರವೇ ಇರುತ್ತವೆ. ಬಿಸಿಲೇರಿದಂತೆ, ಹೊತ್ತು ಕಳೆದಂತೆ ಪಾದ ಊದಿಕೊಳ್ಳುತ್ತೆ. ಓಟದ ಶೂ ಆದರೆ ಸ್ವಲ್ಪ ಹಿಗ್ಗುತ್ತೆ. ಸೈಕಲ್ ಶೂಗಳ ಸೋಲ್ ಗಟ್ಟಿ ನೈಲಾನಿಂದೋ ಕಾರ್ಬನ್ನಿಂದೋ ಆಗಿರುತ್ತೆ, ಅದು ಜಪ್ಪಯ್ಯ ಅಂದರೂ ಬಗ್ಗಲ್ಲ. ಹಾಗಾಗಿ ಮನೆಯಲ್ಲಿ ಸರಿಯಾಗಿದ್ದ ಬಿಗಿತ ಎರಡು ಗಂಟೆಯಾದ ಮೇಲೆ ಸರಿ ಇರಲ್ಲ.

ಲೇಸ್ ಮತ್ತು ಬಾವಿ ಹಗ್ಗ

ರಾಟೆ ಇಲ್ಲದ ಬಾವಿಯಲ್ಲಿ ನೀರು ಸೇದಿದ್ದೀರಾ? ಕೊಡ ಅಷ್ಟೇ ಭಾರ. ಆದರೆ ಹಗ್ಗ ಕಲ್ಲಿನ ಅಂಚಿಗೆ ಉಜ್ಜಿಕೊಂಡು ಬರುವುದರಿಂದ ಕೈಗೆ ಎರಡು ಕೊಡದ ಭಾರ. ರಾಟೆ ಇದ್ದರೆ ಹಗ್ಗದ ಎರಡೂ ಕಡೆ ಎಳೆತ ಹೆಚ್ಚುಕಡಿಮೆ ಒಂದೇ. ಶೂ ಕಟ್ಟುವ ವಿಷಯ ಅರ್ಧ ಅರ್ಥವಾಗೋದು ಇಲ್ಲೇ.

ಲೇಸ್ ಪ್ರತಿ ಕಣ್ಣಿನಲ್ಲೂ (ಪೋಣಿಸುವ ತೂತಿನಲ್ಲೂ) ಬಟ್ಟೆಗೆ ಉಜ್ಜುತ್ತೆ. ಮೇಲೆ ಎಷ್ಟೇ ಎಳೆದರೂ ಬೆರಳಿನ ಹತ್ತಿರಕ್ಕೆ ಆ ಎಳೆತ ಪೂರ್ತಿ ಮುಟ್ಟಲ್ಲ. ಇದು ದೋಷದಂತೆ ಕಾಣುತ್ತೆ, ಆದರೆ ಲೇಸಿನ ದೊಡ್ಡ ಗುಣವೂ ಇದೇ. ಕೆಳಗೆ ಸಡಿಲ, ನಡುವೆ ಮಧ್ಯಮ, ಮೇಲೆ ಬಿಗಿ ಅಂತ ಕಣ್ಣು ಕಣ್ಣಿಗೂ ಬೇರೆ ಬೇರೆ ಇಟ್ಟುಕೊಳ್ಳಬಹುದು. ಅಗಲ ಪಾದ, ಎತ್ತರದ ಪಾದ ಇರೋರಿಗೆ ಇದಕ್ಕಿಂತ ಒಳ್ಳೆಯದು ಕಷ್ಟ. ಪಾದದ ಉಬ್ಬು ಒತ್ತುವ ಜಾಗದಲ್ಲಿ ಒಂದು ಕಣ್ಣು ಬಿಟ್ಟು ಪೋಣಿಸಿದರೂ ಆಯಿತು. ತೂಕವೂ ಕಡಿಮೆ. ಜಿರೊ ಕಂಪನಿಯ ಎಂಪೈರ್ ತರಹದ ಲೇಸ್ ಶೂಗಳನ್ನ ದೊಡ್ಡ ರೇಸಿನವರೂ ಹಾಕುತ್ತಾರೆ. ಲೇಸ್ ಅಂದರೆ ಅಗ್ಗದ ಮಾಲು ಅಂತಲ್ಲ.

ಆದರೆ ಸೈಕಲ್ ಮೇಲೆ ಕೂತು ಲೇಸ್ ಸಡಿಲಿಸೋಕೆ ಆಗಲ್ಲ. ಇನ್ನೊಂದು ಅಪಾಯ, ಬಲಗಾಲಿನ ಲೇಸ್ ತುದಿ ಚೈನಿಗೆ ಸಿಕ್ಕಿಕೊಳ್ಳೋದು. ತುದಿ ಸಿಕ್ಕಿಸೋಕೆ ಒಂದು ಎಲಾಸ್ಟಿಕ್ ಪಟ್ಟಿ ಇದೆಯಾ ನೋಡಿ. ಇಲ್ಲದಿದ್ದರೆ ಎರಡು ಗಂಟು ಹಾಕಿ ಒಳಗೆ ತುರುಕಿ.

ವೆಲ್ಕ್ರೋ ಮತ್ತು ಉತ್ತರಾಣಿ

ಹೊಲದ ಬದುವಿನಲ್ಲಿ ನಡೆದರೆ ಉತ್ತರಾಣಿ ಬೀಜ ಪಂಚೆಗೆ ಅಂಟುತ್ತಲ್ವಾ? ವೆಲ್ಕ್ರೋ ಹುಟ್ಟಿದ್ದೇ ಅಂಥದ್ದರಿಂದ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ತನ್ನ ಬಟ್ಟೆಗೂ ನಾಯಿಯ ಕೂದಲಿಗೂ ಅಂಟಿದ ಮುಳ್ಳುಕಾಯಿಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದ. ತುದಿಯಲ್ಲಿ ಪುಟ್ಟ ಕೊಕ್ಕೆ ಕಂಡವು. 1955ರಲ್ಲಿ ಪೇಟೆಂಟ್ ಸಿಕ್ಕಿತು. ಒಂದು ಕಡೆ ಕೊಕ್ಕೆ, ಇನ್ನೊಂದು ಕಡೆ ಕುಣಿಕೆ, ಅಷ್ಟೇ.

ನೆನಪಿಡಬೇಕಾದ್ದು ಒಂದು. ಪಟ್ಟಿಯನ್ನ ಉದ್ದಕ್ಕೆ ಜಗ್ಗಿದರೆ ವೆಲ್ಕ್ರೋ ಬಿಡಲ್ಲ, ಸಾವಿರಾರು ಕೊಕ್ಕೆ ಒಟ್ಟಿಗೆ ಹಿಡಿಯುತ್ತವೆ. ಅಂಚಿನಿಂದ ಎತ್ತಿದರೆ ಒಂದೊಂದೇ ಸಾಲು ಬಿಡುತ್ತಾ ಹೋಗುತ್ತೆ, ಸುಲಭ. ಕಾಲಿನ ಎಳೆತ ಉದ್ದಕ್ಕೆ ಬರುತ್ತೆ, ಕೈಯ ಎಳೆತ ಅಂಚಿನಿಂದ. ಹೀಗಾಗಿ ತುಳಿಯುತ್ತಲೇ ಒಂದೇ ಕೈಯಲ್ಲಿ ಬಿಚ್ಚಿ ಅಂಟಿಸಬಹುದು. ಬೆರಳಿನಷ್ಟು, ಅರ್ಧ ಬೆರಳಿನಷ್ಟು, ನಿಮಗೆ ಬೇಕಾದಷ್ಟು.

ಕೆಟ್ಟದ್ದು ಧೂಳು. ನಮ್ಮ ಕಡೆ ಕಲ್ಲು ಕ್ವಾರಿ ರಸ್ತೆಗಳಲ್ಲಿ ಹೋಗೋರಿಗೆ ಹೇಳಬೇಕಾಗಿಲ್ಲ. ಕೊಕ್ಕೆಗಳ ನಡುವೆ ದಾರ, ಹುಲ್ಲು, ಕೂದಲು ತುಂಬಿದರೆ ಹಿಡಿತ ಹೋಗುತ್ತೆ. ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಪೂರ್ತಿ ಸವೆದರೂ ಚಿಂತೆಯಿಲ್ಲ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ವೆಲ್ಕ್ರೋ ಮೀಟರ್ ಲೆಕ್ಕದಲ್ಲಿ ಸಿಗುತ್ತೆ, ಚಪ್ಪಲಿ ಹೊಲಿಯೋರು ಹಾಕಿಕೊಡುತ್ತಾರೆ.

ಬಕಲ್

ಹಲ್ಲಿನ ಪಟ್ಟಿ, ಅದನ್ನ ಕಚ್ಚಿ ಹಿಡಿಯುವ ನಾಲಿಗೆ. ಬಕಲ್ ಎತ್ತಿ ಒತ್ತಿದರೆ ಒಂದೊಂದು ಹಲ್ಲು ಬಿಗಿ. ಕೆಸರಿನಲ್ಲೂ ಗಟ್ಟಿ. ಈಗ ಕಡಿಮೆಯಾಗಿದೆ, ಹಳೆ ಶೂ ಸಿಕ್ಕಿದರೆ ಹಲ್ಲು ಸವೆದಿದೆಯಾ ನೋಡಿ ತಗೊಳ್ಳಿ.

ಡಯಲ್

ಇದರಲ್ಲಿ ಹೆಸರು ಮಾಡಿದ್ದು ಬೋವಾ ಕಂಪನಿ. ಗ್ಯಾರಿ ಹ್ಯಾಮರ್‌ಸ್ಲ್ಯಾಗ್ ಎಂಬ ಅಮೆರಿಕದವರು 2001ರಲ್ಲಿ ಶುರು ಮಾಡಿದರು, ಮೊದಲು ಬಂದಿದ್ದು ಹಿಮದ ಮೇಲೆ ಜಾರುವ ಸ್ನೋಬೋರ್ಡ್ ಬೂಟುಗಳಿಗೆ. ಒಳಗೆ ಪುಟ್ಟ ಉರುಳೆ, ಅದಕ್ಕೆ ಸುತ್ತುವ ತೆಳು ತಂತಿ ಅಥವಾ ದಾರ.

ಬಾವಿಯ ಮಾತಿಗೆ ವಾಪಸ್ ಬನ್ನಿ. ಈ ತಂತಿ ನುಣುಪು, ಹಾದು ಹೋಗುವ ದಾರಿಯೂ ನುಣುಪು. ಹೆಚ್ಚುಕಡಿಮೆ ರಾಟೆ ಇದ್ದಂತೆ. ಒಂದು ಡಯಲ್ ತಿರುಗಿಸಿದರೆ ಆ ತಂತಿ ಹೋಗುವಲ್ಲೆಲ್ಲ ಎಳೆತ ಸಮ. ಹಿಮ್ಮಡಿ ಜಾರುತ್ತಿದೆ ಅಂತ ಬಿಗಿದರೆ ಬೆರಳೂ ಬಿಗಿಯುತ್ತೆ. ನನ್ನ ಜೋಮಿಗೆ ಕಾರಣ ಇದೇ. ದುಬಾರಿ ಶೂಗಳಿಗೆ ಎರಡೆರಡು ಡಯಲ್ ಇರೋದು ಶೋಕಿಗಲ್ಲ, ಬೆರಳ ಕಡೆಗೊಂದು, ಮೇಲಕ್ಕೊಂದು.

ಇನ್ನು ಸಡಿಲಿಸುವ ವಿಷಯ. ಹೊರಗಿನಿಂದ ಎಲ್ಲ ಡಯಲ್ಲೂ ಒಂದೇ ಥರ ಕಾಣುತ್ತವೆ. ಬೋವಾದ ಎಲ್6 ಮಾದರಿ ಮುಂದಕ್ಕೆ ತಿರುಗಿಸಿದರೆ ಬಿಗಿ, ಮೇಲಕ್ಕೆ ಎಳೆದರೆ ಪೂರ್ತಿ ಸಡಿಲ. ನಡುವೆ ಏನಿಲ್ಲ. ಐಪಿ1, ಎಲ್ಐ2 ಮಾದರಿಗಳು ಹಾಗಲ್ಲ. ಹಿಂದಕ್ಕೆ ತಿರುಗಿಸಿದರೆ ಒಂದೊಂದೇ ಕ್ಲಿಕ್ ಸಡಿಲವಾಗುತ್ತೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು: "ಹಿಂದಕ್ಕೂ ತಿರುಗುತ್ತಾ?"

ತಂತಿ ಕಿತ್ತರೆ ಬಿಡಿಭಾಗ ತರಿಸಬೇಕು. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ತಾತನಿಗೆ ನನ್ನ ಶೂ ತೋರಿಸಿದ್ದೆ. ಡಯಲ್ ಎರಡು ಸಲ ತಿರುವಿ ನೋಡಿದರು. "ಇದು ನಂದಲ್ಲಪ್ಪ, ವಾಚ್ ರಿಪೇರಿಯವರ ಹತ್ರ ತಗೊಂಡೋಗು" ಅಂದರು.

ಕೊಳ್ಳುವಾಗ

ಸಂಜೆ ಹೋಗಿ, ಪಾದ ಆಗ ಸ್ವಲ್ಪ ದಪ್ಪಗಿರುತ್ತೆ. ಸೈಕಲ್ ಹೊಡೆಯುವಾಗಿನ ಸಾಕ್ಸ್ ಹಾಕಿಕೊಂಡು ಹೋಗಿ. ಶೂ ಕಟ್ಟಿ, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಕೊಂಚ ಸಡಿಲಿಸಿ ನೋಡಿ. ಅಂಗಡಿಯವನು ನಗಬಹುದು. ರಸ್ತೆಯಲ್ಲಿ ಕಣ್ಣು ಮುಂದೆ ಇರಬೇಕು ತಾನೇ? ಗಾಳಿ ಸೀಳುತ್ತೆ, ಇಷ್ಟು ಗ್ರಾಂ ಕಡಿಮೆ ಅನ್ನೋದೆಲ್ಲ ನಮ್ಮ ವೇಗಕ್ಕೆ ಲೆಕ್ಕಕ್ಕಿಲ್ಲ, ಬಿಡಿ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಶೂಗೆ ವೆಲ್ಕ್ರೋ ಸಾಕು. ಪಾದದ ಆಕಾರವೇ ತೊಂದರೆ ಅನ್ನೋರು ಲೇಸ್ ನೋಡಿ. ನಾನೀಗ ಹಾಕೋದು ಬೆರಳ ಕಡೆ ವೆಲ್ಕ್ರೋ, ಮೇಲೆ ಎರಡೂ ಕಡೆ ತಿರುಗುವ ಡಯಲ್.

ಅದನ್ನ ಎಲ್ಲಿ ತಿರುಗಿಸಬೇಕು ಅನ್ನೋದೂ ಮುಖ್ಯ. ನಂದಿ ಬೆಟ್ಟದ ತುದಿ 1478 ಮೀಟರ್ ಎತ್ತರದಲ್ಲಿದೆ. ಏರು ಸುಮಾರು 8 ಕಿಲೋಮೀಟರ್. ಕಡಿದಾದ ತಿರುವಿನಲ್ಲಿ ಹೊಸಬರ ಸೈಕಲ್ ನಡೆಯುವವರಿಗಿಂತ ತುಸು ಜೋರು ಅಷ್ಟೇ, ಅಲ್ಲಿ ಹ್ಯಾಂಡಲ್‌ನಿಂದ ಕೈ ತೆಗೆದರೆ ಓಲಾಡುತ್ತೆ. ಇಳಿಯುವಾಗ ಎರಡೂ ಕೈ ಬ್ರೇಕಿನ ಮೇಲೆ. ಹಾಗಾಗಿ ಬುಡದ ಸಮತಟ್ಟಿನಲ್ಲೇ ಎರಡು ಕ್ಲಿಕ್ ಸಡಿಲ ಮಾಡಿಕೊಂಡು ಹತ್ತೋಕೆ ಶುರು ಮಾಡುತ್ತೇನೆ. ಮೇಲೆ ಟೀ ಕುಡಿದಾದ ಮೇಲೆ, ಇಳಿಯೋ ಮುಂಚೆ, ಒಂದು ಕ್ಲಿಕ್ ವಾಪಸ್ ಬಿಗಿ.