ಕಡಿಮೆ ದುಡ್ಡಿನ ಇಂಕ್ ಪೆನ್ನು, ಕೂದಲೆಳೆಯಷ್ಟು ಸೀಳು

ಇಂಕ್ ಪೆನ್ನು ಕೊಳ್ಳುವಾಗ ನಾವು ನೋಡುವುದು ಮೈ, ಬಣ್ಣ, ಕ್ಲಿಪ್ಪು. ಆದರೆ ಬರೆಯುವುದು ನಿಬ್ಬಿನ ನಡುವೆ ಇರುವ ಒಂದು ಸೀಳು, ಮತ್ತು ಅದರ ಕೆಳಗೆ ಅಂಟಿಕೊಂಡಿರುವ ಕಪ್ಪು ಪ್ಲಾಸ್ಟಿಕ್ ನಾಲಿಗೆ. ಅದಕ್ಕೆ ಫೀಡ್ ಅಂತಾರೆ. ಇವೆರಡೂ ಸರಿಯಾಗಿದ್ದರೆ ಒಂದೆರಡು ನೂರು ರೂಪಾಯಿಯ ಪೆನ್ನು ಕೂಡ ದಿನವಿಡೀ ಸಲೀಸಾಗಿ ಬರೆಯುತ್ತದೆ. ಸರಿಯಿಲ್ಲದಿದ್ದರೆ ಹತ್ತು ಸಾವಿರ ಕೊಟ್ಟರೂ ಕೆರೆಯುತ್ತದೆ. ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ಮಕ್ಕಳಿಗೆ ಪೆನ್ನು ಆರಿಸುತ್ತಾ ನಿಂತ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದೂ ಇಷ್ಟೇ: ಬೆಲೆ ಆಮೇಲೆ ನೋಡಿ, ಮೊದಲು ನಿಬ್ಬನ್ನು ಬೆಳಕಿಗೆ ಹಿಡಿಯಿರಿ.

ಫೀಡ್ ಮುಗಿದ ಮೇಲೆ ನಿಬ್ಬು ಒಂದು ಚೂರು ಮುಂದಕ್ಕೆ ಚಾಚಿರುತ್ತದಲ್ಲ, ಅಲ್ಲಿ ಸೀಳಿನೊಳಗಿಂದ ಬೆಳಕಿನ ಸಣ್ಣ ಗೆರೆ ಕಾಣಬೇಕು. ತುದಿಗೆ ಹೋಗ್ತಾ ಹೋಗ್ತಾ ಅದು ಇನ್ನೂ ಸಣ್ಣಗಾಗಿ, ಕೊನೆಯಲ್ಲಿ ಸೀಳಿನ ಆಚೀಚೆ ಇರುವ ನಿಬ್ಬಿನ ಎರಡು ಹಲ್ಲುಗಳು ಹೆಚ್ಚುಕಡಿಮೆ ಮುಟ್ಟಿಕೊಂಡಿರಬೇಕು. ಆಮೇಲೆ ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಿ. ಎರಡು ಹಲ್ಲೂ ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಪೆನ್ನು ಒಂದು ದಿಕ್ಕಿಗೆ ಎಳೆದಾಗ ಮಾತ್ರ ಕೆರೆಯುತ್ತದೆ. ಹೆಚ್ಚಿನ ಸಲ ಎದ್ದಿರುವ ಹಲ್ಲನ್ನು ಉಗುರಿನಿಂದ ಮೆಲ್ಲಗೆ ಒತ್ತಿದರೆ ಸಾಕು, ಸರಿಹೋಗುತ್ತದೆ.

ಸೀಳು ತುದಿಗೆ ಹೋದಂತೆ ಸಣ್ಣಗಾಗುವುದು ಸುಮ್ನೆ ಅಲ್ಲ. ಕಿರಿದಾದ ಜಾಗಕ್ಕೆ ನೀರು ತಾನಾಗಿ ನುಗ್ಗುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಗುಣದಿಂದ. ಒಂದು ಮಿಲಿಮೀಟರ್ ವ್ಯಾಸದ ಗಾಜಿನ ಕೊಳವೆಯನ್ನು ನೀರಿನಲ್ಲಿ ನಿಲ್ಲಿಸಿದರೆ ನೀರು ಸುಮಾರು 3 ಸೆಂಟಿಮೀಟರ್ ಮೇಲೇರುತ್ತದೆ. ಕೊಳವೆ ಹತ್ತು ಪಟ್ಟು ಸಣ್ಣದಾದರೆ ಏರಿಕೆ ಹತ್ತು ಪಟ್ಟು ಜಾಸ್ತಿ. ಹಾಗಾಗಿ ಇಂಕು ಯಾವಾಗಲೂ ಅಗಲದಿಂದ ಕಿರಿದರ ಕಡೆಗೇ ಹೋಗುತ್ತದೆ: ಟ್ಯಾಂಕಿನಿಂದ ಫೀಡ್‌ನ ಕಾಲುವೆಗೆ, ಕಾಲುವೆಯಿಂದ ಸೀಳಿಗೆ, ಸೀಳಿನಿಂದ ಅದಕ್ಕಿಂತಲೂ ಕಿರಿದಾದ ಕಾಗದದ ನಾರುಗಳ ಸಂದಿಗೆ. ಕಾಗದ ಮುಟ್ಟುವವರೆಗೆ ಇಂಕು ತುದಿಯಲ್ಲೇ ಕಾಯುತ್ತದೆ, ಮುಟ್ಟಿದ ಕೂಡಲೇ ಹರಿಯುತ್ತದೆ. ಒತ್ತುವ ಅಗತ್ಯವೇ ಇಲ್ಲ.

ಇಷ್ಟೇ ಆಗಿದ್ದರೆ ಪೆನ್ನು ನಾಲ್ಕು ಸಾಲು ಬರೆದು ನಿಂತುಬಿಡುತ್ತಿತ್ತು. ಒಳಗಿನ ಇಂಕು ಹೊರಗೆ ಹೋದಷ್ಟೂ ಅಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ಉಳಿದ ಇಂಕನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಹೋದ ಇಂಕಿನ ಜಾಗಕ್ಕೆ ಅಷ್ಟೇ ಗಾಳಿ ಒಳಗೆ ಬರಬೇಕು, ಅದೂ ಗುಳ್ಳೆಗುಳ್ಳೆಯಾಗಿ, ಅಳತೆ ಮೀರದೆ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಈ ಎರಡೂ ಕೆಲಸ ಮಾಡುವ ಫೀಡ್‌ಗೆ. ಇವತ್ತಿನ ಅಗ್ಗದ ಪೆನ್ನಿನಲ್ಲಿ ಅದೇ ಕೆಲಸವನ್ನು ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ತುಂಡು ಮಾಡುತ್ತದೆ. ಅದರ ಪಕ್ಕದಲ್ಲಿರುವ ಸಾಲು ಸಾಲು ಗೀರುಗಳನ್ನು ಅಂದಕ್ಕೆ ಅಂತ ಅಂದುಕೊಳ್ಳಬೇಡಿ. ಜಾಸ್ತಿ ಬಂದ ಇಂಕು ಕಾಗದಕ್ಕೆ ಬೀಳದಂತೆ ತಡೆದು ಇಟ್ಟುಕೊಳ್ಳುವುದು ಅವೇ.

ಆ ಗೀರುಗಳ ಶಕ್ತಿಗೂ ಮಿತಿ ಇದೆ ಅನ್ನುವುದು ನಮ್ಮ ಜಿಲ್ಲೆಯಲ್ಲೇ ಚೆನ್ನಾಗಿ ಗೊತ್ತಾಗುತ್ತದೆ. ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ, ನಂದಿ ಬೆಟ್ಟದ ತುದಿ 1,478 ಮೀಟರ್. ಮೇಲೆ ಹೋಗುವಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು ಶೇಕಡಾ 6ರಷ್ಟು ಇಳಿಯುತ್ತದೆ, ಪೆನ್ನಿನೊಳಗಿನ ಗಾಳಿ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತದೆ. ಮೈಯೊಳಕ್ಕೇ ಇಂಕು ತುಂಬುವ ಹಳೇ ಮಾದರಿಯ ಪೆನ್ನಿನಲ್ಲಿ 2 ಮಿಲಿಲೀಟರ್ ಗಾಳಿ ಇತ್ತು ಅಂದುಕೊಳ್ಳಿ. ಹಿಗ್ಗಿದ್ದು 0.12 ಮಿಲಿಲೀಟರ್, ಅಂದರೆ ಎರಡು ದಪ್ಪ ಹನಿ. ನಿಬ್ಬು ಕೆಳಗಿದ್ದರೆ ಆ ಎರಡು ಹನಿ ಇಂಕು ಫೀಡ್ ದಾಟಿ ಕ್ಯಾಪಿಗೆ, ಅಲ್ಲಿಂದ ಜೇಬಿಗೆ. ನಿಬ್ಬು ಮೇಲಿದ್ದರೆ ಹೊರಗೆ ಹೋಗುವುದು ಬರೀ ಗಾಳಿ. ಪೆನ್ನನ್ನು ಜೇಬಿನಲ್ಲಿ ನೆಟ್ಟಗೆ ಸಿಕ್ಕಿಸಿಕೊಳ್ಳಿ, ಬ್ಯಾಗಿನ ತಳಕ್ಕೆ ಎಸೆಯಬೇಡಿ. ಬೆಟ್ಟಕ್ಕೆ ಹೋಗುವ ದಿನ ಪೂರ್ತಿ ಇಂಕು ತುಂಬಿಸಿಕೊಂಡೇ ಹೋಗಿ, ಹಿಗ್ಗಲು ಗಾಳಿಯೇ ಇರುವುದಿಲ್ಲ.

ಅಂಗೈ ಬಿಸಿಯೂ ಇದೇ ಕೆಲಸ ಮಾಡುತ್ತದೆ. ಗಾಳಿ 25 ಡಿಗ್ರಿಯಿಂದ 35ಕ್ಕೆ ಏರಿದರೆ ಶೇಕಡಾ 3ರಷ್ಟು ಹಿಗ್ಗುತ್ತದೆ. ಇಂಕು ತಳ ಕಂಡಾಗಲೇ ಪೆನ್ನು ಕಕ್ಕುವುದು ಜಾಸ್ತಿ ಅಲ್ವಾ, ಕಾರಣ ಇದು.

ಇನ್ನು ನಮ್ಮ ಅಕ್ಷರದ ವಿಷಯ. ಕನ್ನಡದಲ್ಲಿ ನೇರ ಗೆರೆ ಕಡಿಮೆ, ಸುತ್ತು ಜಾಸ್ತಿ. ಬಾಲ್ ಪೆನ್ನಿನ ಇಂಕು ಅಂಟಂಟು, ಅದರ ಗುಂಡು ಉರುಳಬೇಕಾದರೆ ಒತ್ತಬೇಕು, ಹಾಗೆ ಒತ್ತಿಕೊಂಡೇ ಪುಟಗಟ್ಟಲೆ ಸುತ್ತು ಹಾಕುವ ಪರೀಕ್ಷೆಯ ಮಕ್ಕಳ ಬೆರಳಿನ ಗತಿ ನೋಡಿದರೆ ಗೊತ್ತಾಗುತ್ತದೆ. ಇಂಕ್ ಪೆನ್ನಿಗೆ ತಾಗಿಸಿದರೆ ಸಾಕು. ಆದರೆ ದಪ್ಪ ನಿಬ್ಬು ಬೇಡ, ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಅಂಗಡಿಯಲ್ಲಿ ಸುಮ್ನೆ ಗೀಚಬೇಡಿ, ‘ಶಿಡ್ಲಘಟ್ಟ’ ಅಂತ ನಾಲ್ಕು ಸಲ ಬರೆಯಿರಿ. ಡಕಾರದ ಕೆಳಗಿನ ಲ ಒತ್ತು ಬಿಡಿಸಿದಂತೆ ಕಂಡರೆ ಆ ನಿಬ್ಬು ನಮ್ಮ ಭಾಷೆಗೆ ಆಗುತ್ತದೆ.

ನನಗೆ ಇಷ್ಟವಾದವು? ಶಾಲೆಯ ಮಕ್ಕಳಿಗೆ ಕ್ಯಾಮ್ಲಿನ್. ಸುಲಭವಾಗಿ ಸಿಗುತ್ತದೆ, ಕಳೆದುಹೋದರೂ ಮನೆಯಲ್ಲಿ ಜಗಳವಾಗುವಷ್ಟು ಬೆಲೆಯಲ್ಲ. ಚೀನಾದ ಹೀರೋ 616ರಲ್ಲಿ ನಿಬ್ಬು ಬಹುಪಾಲು ಮುಚ್ಚಿಕೊಂಡಿರುತ್ತದೆ, 1941ರಲ್ಲಿ ಬಂದ ಪಾರ್ಕರ್ 51ರ ಹಾಗೆ. ಗಾಳಿಗೆ ತೆರೆದಿರುವ ಭಾಗ ಕಡಿಮೆ, ಆದ್ದರಿಂದ ನಮ್ಮ ಮಾರ್ಚ್-ಏಪ್ರಿಲ್‌ನ ಒಣ ಹವೆಯಲ್ಲಿ ಯೋಚನೆ ಮಾಡುತ್ತಾ ಕೂತರೂ ತುದಿ ಬೇಗ ಒಣಗುವುದಿಲ್ಲ. ಸೀಳು ಕಾಣುವುದಿಲ್ಲ ಅನ್ನುವುದೊಂದೇ ಅದರ ಕೊರತೆ. ಇವುಗಳಿಗಿಂತ ಸ್ವಲ್ಪ ಜಾಸ್ತಿ ಕೊಡಲು ಆಗುವುದಾದರೆ ಜಪಾನಿನ ಪ್ಲಾಟಿನಂ ಪ್ರೆಪಿ ತಗೊಳ್ಳಿ. ಅದರ ಕ್ಯಾಪಿನೊಳಗೆ ಸ್ಪ್ರಿಂಗ್ ಇರುವ ಇನ್ನೊಂದು ಪುಟ್ಟ ಕ್ಯಾಪು ಇದೆ, ಮುಚ್ಚಿದಾಗ ನಿಬ್ಬಿನ ಸುತ್ತ ಗಟ್ಟಿಯಾಗಿ ಕೂರುತ್ತದೆ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟರೂ ಮೊದಲ ಅಕ್ಷರದಿಂದಲೇ ಬರೆಯುತ್ತದೆ. ಅದರಲ್ಲೂ ಜಪಾನಿನ ಫೈನ್ ನಿಬ್ಬು ಯುರೋಪಿನ ಫೈನ್‌ಗಿಂತ ತೆಳ್ಳಗೆ, ಒತ್ತಕ್ಷರಕ್ಕೆ ಹೇಳಿ ಮಾಡಿಸಿದ್ದು. ಪ್ರತಿದಿನ ನನ್ನ ಜೇಬಿನಲ್ಲಿರುವುದು ಇದೇ.

ಚಿನ್ನದ ನಿಬ್ಬಿನ ಆಸೆಗೆ ಬೀಳಬೇಡಿ. ಹಿಂದೆ ಆಮ್ಲ ಜಾಸ್ತಿಯಿದ್ದ ಇಂಕು ಮಾಮೂಲಿ ಉಕ್ಕನ್ನು ತಿನ್ನುತ್ತಿತ್ತು, ಅದಕ್ಕೇ ಚಿನ್ನ ಬೇಕಾಗಿತ್ತು. ಇವತ್ತಿನ ಸ್ಟೇನ್‌ಲೆಸ್ ಸ್ಟೀಲು ಮಾಮೂಲಿ ಇಂಕಿಗೆ ಜಗ್ಗುವುದಿಲ್ಲ. ಕಾಗದಕ್ಕೆ ಉಜ್ಜುವುದು ಚಿನ್ನವೂ ಅಲ್ಲ, ತುದಿಗೆ ಬೆಸೆದಿರುವ ಗಟ್ಟಿ ಲೋಹದ ಪುಟ್ಟ ಗುಂಡು.

ಪೆನ್ನು ತೊಳೆಯುವ ನೀರು ಮಾತ್ರ ನಮ್ಮ ಕಡೆ ಗಮನಿಸಲೇಬೇಕು. ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ ಕಟ್ಟುವ ಬಿಳಿ ಪದರ ಫೀಡ್‌ನ ಕಾಲುವೆಯಲ್ಲೂ ಕಟ್ಟಬಹುದು, ಅಷ್ಟು ಕಿರಿದಾದ ದಾರಿಗೆ ಚೂರೇ ಸಾಕು. ಮೊದಲು ಯಾವ ನೀರಾದರೂ ಸರಿ, ಇಂಕು ಹಠ ಹಿಡಿದರೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ. ಕೊನೆಯ ಎರಡು ಸಲ ಮಾತ್ರ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರಿನಲ್ಲಿ ಜಾಲಾಡಿ, ನಿಬ್ಬು ಕೆಳಗೆ ಮಾಡಿ ಹಳೇ ಬಟ್ಟೆಯ ಮೇಲೆ ರಾತ್ರಿಯೆಲ್ಲಾ ನಿಲ್ಲಿಸಿ. ಬಟ್ಟೆಯ ನಾರು ಸೀಳಿಗಿಂತ ಕಿರಿದು, ಉಳಿದ ನೀರನ್ನು ಅದೇ ಎಳೆದುಕೊಳ್ಳುತ್ತದೆ.