‘ಅರೆಸ್ಟ್ ಅಲ್ಲ, ವಶಕ್ಕೆ ತಗೊಂಡಿದ್ದೀವಿ ಅಷ್ಟೇ’

ಸಂಜೆ ಆರೂವರೆ ಆಗಿತ್ತು. ಬೆಂಗಳೂರಿನ ಒಂದು ಪೊಲೀಸ್ ಮೈದಾನದ ಗೇಟಿನ ಹೊರಗೆ ನಿಂತಿದ್ದೆ. ಬೆಳಿಗ್ಗೆ ಪ್ರತಿಭಟನೆಗೆ ಬಂದವರನ್ನೆಲ್ಲ ಬಸ್ಸಿಗೆ ಹತ್ತಿಸಿ ತಂದು ಒಳಗೆ ಕೂರಿಸಿದ್ದರು. ನನ್ನ ಪಕ್ಕದಲ್ಲಿ ಒಬ್ಬ ತಾಯಿ. ಅವರ ಕೈಯಲ್ಲಿ ಮಗಳ ಮಾತ್ರೆಯ ಪಟ್ಟಿ.

‘ಯಾವ ಕೇಸಲ್ಲಿ ಅರೆಸ್ಟ್ ಮಾಡಿದ್ದೀರಿ ಸಾರ್?’ ಎಂದು ಕೇಳಿದೆ.

ಗೇಟಿನಲ್ಲಿದ್ದ ಅಧಿಕಾರಿ ಸಮಾಧಾನವಾಗಿಯೇ ಹೇಳಿದರು: ‘ಅರೆಸ್ಟ್ ಅಲ್ಲ ಮೇಡಂ, ವಶಕ್ಕೆ ತಗೊಂಡಿದ್ದೀವಿ ಅಷ್ಟೇ. ಆಮೇಲೆ ಬಿಡ್ತೀವಿ.’

‘ಹಾಗಿದ್ರೆ ಈ ಹುಡುಗಿ ಈಗಲೇ ಎದ್ದು ಮನೆಗೆ ಹೋಗಬಹುದಾ?’

‘ಅದು ಹೇಗಾಗುತ್ತೆ?’

ಈ ‘ಅಷ್ಟೇ’ ಎಂಬ ಮಾತನ್ನು ವಕೀಲಿಕೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಎದ್ದು ಹೋಗಲು ಬಿಡುವುದಿಲ್ಲ ಅಂದರೆ ಆ ಮನುಷ್ಯನ ಸ್ವಾತಂತ್ರ್ಯ ಹೋಯಿತು ಅಂತಲೇ ಅರ್ಥ. ಅದಕ್ಕೆ ಯಾವ ಹೆಸರು ಇಟ್ಟರೂ ಅಷ್ಟೇ. ಬಂಧಿಸುವುದು ಹೇಗೆ ಎಂದು ಹೇಳುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ತನಿಖೆ, ವಿಚಾರಣೆಯ ಕ್ರಮ ಹೇಳುವ ಕಾನೂನು) 43ನೇ ಸೆಕ್ಷನ್. ಕೆಲವು ಬಗೆಯ ಅಪರಾಧಗಳಲ್ಲಿ ಬೇಡಿ ಹಾಕಬಹುದು ಎನ್ನುತ್ತದೆ ನಿಜ, ಆದರೆ ಬಂಧನ ಎನ್ನಿಸಿಕೊಳ್ಳಲು ಬೇಡಿಯೋ ಲಾಕಪ್ಪೋ ಬೇಕೇಬೇಕು ಎಂದು ಅದು ಹೇಳುವುದಿಲ್ಲ. ಮೈ ಮುಟ್ಟುವುದು, ಹಿಡಿದು ಇಡುವುದು, ಇಷ್ಟಾದರೆ ಸಾಕು. ಸಂವಿಧಾನದ 22ನೇ ವಿಧಿ ಕಾರಣ ತಿಳಿಸಿ, ವಕೀಲರನ್ನು ನೋಡಲು ಬಿಡಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಿ ಎನ್ನುತ್ತದೆ. ‘ವಶ’ ಎಂಬ ಪದ ಬಳಸಿದ ಕೂಡಲೇ ಇವೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತವೆ. ನನ್ನ ತಕರಾರು ಇರುವುದು ಅಲ್ಲಿ.

ಹಾಗಾದರೆ ಯಾವ ಅಧಿಕಾರದಲ್ಲಿ ಹಿಡಿಯುತ್ತಾರೆ? ಸಾಮಾನ್ಯವಾಗಿ ಅದೇ ಸಂಹಿತೆಯ 170ನೇ ಸೆಕ್ಷನ್, ಅದಕ್ಕೂ ಮುಂಚೆ ಇದ್ದ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಹಳೆಯ ಸಿಆರ್‌ಪಿಸಿಯ 151. ಯಾರಾದರೂ ಸಂಜ್ಞೇಯ ಅಪರಾಧ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದದ್ದು) ಮಾಡಲು ಸಂಚು ಮಾಡಿದ್ದಾರೆ ಎಂದು ಪೊಲೀಸರಿಗೆ ಗೊತ್ತಿರಬೇಕು. ಹಿಡಿಯದೆ ಅದನ್ನು ತಡೆಯಲು ಆಗುವುದೇ ಇಲ್ಲ ಎಂದೂ ಇರಬೇಕು. ಎರಡೂ ಬೇಕು. ರಟ್ಟಿನ ಫಲಕ ಹಿಡಿದು ನಿಂತವನ ಸಂಚು ಯಾವುದು ಎಂದು ಕೇಳಿದರೆ ಉತ್ತರ ಒಂದೇ: ನಿಷೇಧಾಜ್ಞೆ ಮೀರಿದ್ದು. ಅಂದರೆ ಇಡೀ ಕಟ್ಟಡ ನಿಂತಿರುವುದು ಆ ಆಜ್ಞೆಯ ಮೇಲೆ.

ಆಜ್ಞೆಯೇ ಸರಿ ಇಲ್ಲದಿದ್ದರೆ? 2019ರ ಡಿಸೆಂಬರ್ ನೆನಪಿದೆಯಲ್ವಾ? ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಪ್ರತಿಭಟನೆ ನಡೆಯುತ್ತಿದ್ದ ದಿನಗಳು. 18ರಂದು ಬೆಂಗಳೂರು ಪೊಲೀಸ್ ಕಮಿಷನರ್ ಸಿಆರ್‌ಪಿಸಿಯ 144ನೇ ಸೆಕ್ಷನ್ ಅಡಿ ನಿಷೇಧಾಜ್ಞೆ ಹಾಕಿದರು. 19ರ ಬೆಳಿಗ್ಗೆಯಿಂದ ಮೂರು ದಿನ ಇಡೀ ನಗರಕ್ಕೆ. ಮೊದಲೇ ಕೊಟ್ಟಿದ್ದ ಅನುಮತಿಗಳೂ ರಾತ್ರೋರಾತ್ರಿ ರದ್ದಾದವು. ಮರುದಿನ ಟೌನ್ ಹಾಲ್ ಎದುರು ಇತಿಹಾಸಕಾರ ರಾಮಚಂದ್ರ ಗುಹಾ ಮಾಧ್ಯಮದವರ ಜತೆ ಮಾತಾಡುತ್ತಿದ್ದಾಗಲೇ ಪೊಲೀಸರು ಅವರನ್ನು ಎಳೆದುಕೊಂಡು ಹೋದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಹೆಸರು ಗೊತ್ತಿಲ್ಲದ ಎಷ್ಟೋ ಜನ ಅದೇ ದಿನ ಬಸ್ಸು ಹತ್ತಿದರು.

2020ರ ಫೆಬ್ರವರಿ 13ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಹೈಕೋರ್ಟ್ ಪೀಠ ಆ ಆಜ್ಞೆ ಕಾನೂನುಬಾಹಿರ ಎಂದಿತು. ಡಿಸಿಪಿಗಳು ಬರೆದ ಪತ್ರಗಳನ್ನು ಆಜ್ಞೆಯಲ್ಲಿ ಇಳಿಸಲಾಗಿತ್ತೇ ಹೊರತು, ಕಮಿಷನರ್ ತಾವೇ ವಿಚಾರ ಮಾಡಿ ಅಭಿಪ್ರಾಯಕ್ಕೆ ಬಂದ ಕುರುಹು ಅದರಲ್ಲಿ ಇರಲಿಲ್ಲ. ಅದಕ್ಕೂ ಒಂದು ತಿಂಗಳ ಮುಂಚೆ ಕಾಶ್ಮೀರದ ನಿರ್ಬಂಧಗಳ ಕುರಿತ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಸುಮ್ನೆ 144 ಹಾಕುವ ಹಾಗಿಲ್ಲ, ಕಾರಣ ಬರೆಯಬೇಕು, ಭಿನ್ನಾಭಿಪ್ರಾಯ ಅಡಗಿಸಲು ಅದನ್ನು ಬಳಸಬಾರದು. ಒಳ್ಳೆಯ ತೀರ್ಪುಗಳೇ. ಆದರೆ ಹೈಕೋರ್ಟ್ ತೀರ್ಪು ಬರುವ ಹೊತ್ತಿಗೆ ಎಂಟು ವಾರ ಕಳೆದಿತ್ತು. ಬಸ್ಸಿನಲ್ಲಿ ಕಳೆದ ಆ ದಿನವನ್ನು ಯಾರೂ ವಾಪಸ್ ಕೊಡಲಿಲ್ಲ.

ಈಗ ಇನ್ನೊಂದು ಸೇರಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯ 172ನೇ ಸೆಕ್ಷನ್. ಅಪರಾಧ ತಡೆಯಲು ಪೊಲೀಸರು ಕೊಟ್ಟ ಕಾನೂನುಬದ್ಧ ಸೂಚನೆ ಪಾಲಿಸದವರನ್ನು ಹಿಡಿದಿಡಬಹುದು ಅಥವಾ ಅಲ್ಲಿಂದ ಸಾಗಿಸಬಹುದು. ಸಣ್ಣ ವಿಷಯವಾದರೆ 24 ಗಂಟೆಯೊಳಗೆ ಆದಷ್ಟು ಬೇಗ ಬಿಟ್ಟರಾಯಿತು. ಸಿಆರ್‌ಪಿಸಿಯಲ್ಲಿ ಇಂಥದ್ದು ಇರಲಿಲ್ಲ. ಗೇಟಿನ ಬಳಿ ಕೇಳಿದ ‘ಅಷ್ಟೇ’ಗೆ ಈಗ ಒಂದು ನಂಬರ್ ಸಿಕ್ಕಿದೆ. ನನಗೆ ಇದು ಚಿಂತೆಯ ವಿಷಯ. ಆದರೆ ಅದರಲ್ಲೂ ‘ಕಾನೂನುಬದ್ಧ’ ಎಂಬ ಪದ ಇದೆ. ವಕೀಲರು ಹಿಡಿದುಕೊಳ್ಳಬೇಕಾದದ್ದು ಆ ಪದವನ್ನೇ.

ಪೊಲೀಸರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಬೆಳಿಗ್ಗೆ ಐದಕ್ಕೆ ಬಂದೋಬಸ್ತಿಗೆ ನಿಂತ ಪೇದೆಗೆ ಮಧ್ಯಾಹ್ನದ ಊಟವೂ ನೆಟ್ಟಗೆ ಸಿಕ್ಕಿರುವುದಿಲ್ಲ. ಗುಂಪು ಕೈಮೀರಿದರೆ ಜೀವ ಹೋಗುತ್ತದೆ. ಲಂಡನ್ನಿನ ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ 2001ರ ಮೇ 1ರಂದು ಪೊಲೀಸರು ಸಾವಿರಾರು ಜನರನ್ನು ಸುತ್ತುವರಿದು ಸುಮಾರು ಏಳು ಗಂಟೆ ನಿಲ್ಲಿಸಿದರು. ಹನ್ನೊಂದು ತಿಂಗಳ ಮಗುವನ್ನು ಕರೆದುಕೊಂಡು ಬರಲು ಹೋಗಬೇಕಿದ್ದ ತಾಯಿಯೊಬ್ಬರೂ ಅದರಲ್ಲಿ ಸಿಕ್ಕಿಕೊಂಡರು. ಗಂಭೀರ ಅಪಾಯ ತಪ್ಪಿಸಲು ಅದೊಂದೇ ದಾರಿ ಇತ್ತು, ಆದ್ದರಿಂದ ಅದು ಸ್ವಾತಂತ್ರ್ಯಹರಣ ಅಲ್ಲ ಎಂದು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ಹೇಳಿತು. ಮೂವರು ನ್ಯಾಯಾಧೀಶರು ಒಪ್ಪಲಿಲ್ಲ. ನಾನು ಆ ಮೂವರ ಕಡೆ. ಉದ್ದೇಶ ಒಳ್ಳೆಯದು ಎಂದರೆ ಹಿಡಿದಿಟ್ಟದ್ದಕ್ಕೆ ಸಮರ್ಥನೆ ಸಿಗಬಹುದು. ಹಿಡಿದೇ ಇಲ್ಲ ಎಂದು ಹೇಳಲು ಹೇಗೆ ಸಾಧ್ಯ?

ಆ ಸಂಜೆಗೆ ಬರುತ್ತೇನೆ. ಹುಡುಗಿ ಬಸ್ ಹತ್ತುವಾಗಲೇ ಅಂಗೈ ಮೇಲೆ ಪೆನ್ನಿನಲ್ಲಿ 11.40 ಎಂದು ಬರೆದುಕೊಂಡಿದ್ದಳು. ಬೆವರಿಗೆ ಅರ್ಧ ಅಳಿಸಿತ್ತು, ಆದರೂ ಓದಲು ಬರುತ್ತಿತ್ತು. ಬಿಡುವ ಮುಂಚೆ ಎಲ್ಲರಿಗೂ ಒಂದು ಹಾಳೆ ಕೊಟ್ಟರು. ಅದರಲ್ಲಿ ಸಮಯದ ಜಾಗ ಖಾಲಿ. ಕೆಲವರು ಆಗಲೇ ಸಹಿ ಹಾಕಿದ್ದರು. ಅವಳು ಹಾಕಲಿಲ್ಲ. ಸಮಯ ಬರೆಯಿರಿ, ಆಮೇಲೆ ಹಾಕ್ತೀನಿ ಎಂದಳು. ಇಪ್ಪತ್ತು ನಿಮಿಷ ವಾದವಾಯಿತು. ಕತ್ತಲಾಗುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಬಂಧಿಸಲು ವಿಶೇಷ ಕಾರಣ ಬೇಕು, ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿಯೂ ಬೇಕು ಎಂದು ನಾನು ಗೇಟಿನ ಈಚೆಯಿಂದ ಹೇಳುತ್ತಲೇ ಇದ್ದೆ. ಕೊನೆಗೆ ಒಬ್ಬ ಮಹಿಳಾ ಪೇದೆ ಪೆನ್ನು ತೆಗೆದು, ಅವಳ ಅಂಗೈ ನೋಡಿ, 11.40 ಎಂದು ಬರೆದರು. ಮುಂದೆ ನಾವು ಕೊಟ್ಟ ದೂರಿಗೆ ಆಧಾರವಾಗಿ ಉಳಿದದ್ದು ಆ ಒಂದು ಹಾಳೆ.